‘ಲಾರ್ಡ್’ ಅಂದರೆ ಬ್ರೆಡ್ಡು ಕಾಯುವವನಂತೆ. ಈ ಪದದ ಬಗ್ಗೆ ಗೊತ್ತಿರುವವರು ಹೇಳಿ

ಬೇಕರಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಕಡೆಯ ಬೇಕರಿ ಮನೆತನ. ಗಿರಾಕಿಗಳು ಇವತ್ತಿಗೂ ‘ಒಂದು ಪೌಂಡ್ ಬ್ರೆಡ್ ಕೊಡಿ’ ಅಂತಲೇ ಕೇಳುತ್ತಾರೆ. ‘ಲೋಫ್’ ಅನ್ನುವ ಪದವನ್ನು ನಾನು ಅಂಗಡಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದ್ದಷ್ಟೇ.

ಮೊನ್ನೆ ಮಗಳ ಜೊತೆ ಕೂತು ಇಂಗ್ಲಿಷ್ ನಿಘಂಟು ನೋಡುತ್ತಿದ್ದೆ. ‘ಲಾರ್ಡ್’ ಪದದ ಮೂಲ ಹೀಗೆ ಬರೆದಿತ್ತು: ಹ್ಲಾಫ್ ಅಂದರೆ ಬ್ರೆಡ್ಡು, ವೆಯರ್ಡ್ ಅಂದರೆ ಕಾಯುವವನು. ಎರಡೂ ಸೇರಿ ಬ್ರೆಡ್ಡು ಕಾಯುವವನು! ಪಕ್ಕದಲ್ಲೇ ‘ಲೇಡಿ’ ಇತ್ತು. ಅದು ಬ್ರೆಡ್ಡಿಗೆ ಹಿಟ್ಟು ನಾದುವವಳು.

ನನಗೆ ಆ ಪುಟ ಮುಚ್ಚಲು ಮನಸ್ಸೇ ಬರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಮಷೀನ್ ಬರುವ ತನಕ ಹಿಟ್ಟು ನಾದಿದ್ದು ಅಮ್ಮ. ಬೆಳಗಿನ ಜಾವ ಮೂರಕ್ಕೆ ಎದ್ದು, ಮೊಣಕೈವರೆಗೂ ಮೈದಾ ಮಾಡಿಕೊಂಡು ನಾದುತ್ತಿದ್ದರು. ಒಲೆ ಮುಂದೆ ನಿಲ್ಲುತ್ತಿದ್ದದ್ದು, ಗಲ್ಲಾ ನೋಡಿಕೊಳ್ಳುತ್ತಿದ್ದದ್ದು ಅಪ್ಪ.

ನನ್ನ ಪ್ರಶ್ನೆ ಎರಡು. ಇದು ನಿಜವಾ, ಇಲ್ಲಾ ಸುಮ್ನೆ ಕಟ್ಟಿದ ಕತೆಯಾ? ನಿಜವಾದರೆ, ಬ್ರೆಡ್ಡು ಕಾಯುವವನು ಜಮೀನ್ದಾರ ಆಗಿ, ಜಡ್ಜ್ ಆಗಿ, ದೇವರೇ ಆಗಿದ್ದು ಹೇಗೆ?

ಪದಗಳ ಹಿಂದೆ

ನಿಜ ಸರ್. ಕಟ್ಟುಕತೆ ಅಲ್ಲ. ಇಂಗ್ಲಿಷಿನ ಪದಮೂಲಗಳಲ್ಲಿ ತುಂಬಾ ಗಟ್ಟಿಯಾಗಿ ನಿಂತಿರುವ ಮೂಲಗಳಲ್ಲಿ ಇದೂ ಒಂದು.

ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ‘ಹ್ಲಾವೋರ್ಡ್’ ಆಗಿತ್ತು. ಅದಕ್ಕಿಂತ ಹಿಂದೆ ‘ಹ್ಲಾಫ್‌ವೆಯರ್ಡ್’. ಬರೆಯುವಾಗ ಫ ಅಕ್ಷರ, ಆದರೆ ಎರಡು ಸ್ವರಗಳ ನಡುವೆ ಬಂದರೆ ಓದುವಾಗ ವ. ಕಾಲ ಕಳೆದಂತೆ ಮುಂದಿನ ಹ ಉದುರಿತು, ‘ಲಾವರ್ಡ್’, ‘ಲೋವರ್ಡ್’ ಆಯಿತು. ಆಮೇಲೆ ನಡುವಿನ ವ ಕೂಡ ಕರಗಿತು. ಉಳಿದದ್ದು ‘ಲಾರ್ಡ್’. ನಾಲಿಗೆಗೆ ಅಭ್ಯಾಸವಾದ ಪದ ಹೀಗೇ ಸವೆಯುತ್ತದೆ. ನಮ್ಮ ‘ಗಾವುಂಡ’ ಪದ ‘ಗವುಡ’ ಆಗಿ ‘ಗೌಡ’ ಆಗಲಿಲ್ಲವೇ? ‘ಪೆರ್ಗಡೆ’ ಹೋಗಿ ‘ಹೆಗ್ಗಡೆ’, ಕೊನೆಗೆ ‘ಹೆಗ್ಡೆ’. ಇಲ್ಲೂ ಸವೆದಿರುವುದು ಊರಿನ ದೊಡ್ಡವರ ಹೆಸರುಗಳೇ. ದಿನಕ್ಕೆ ಹತ್ತು ಸಲ ಕೂಗುವ ಹೆಸರು ಬೇಗ ಸವೆಯುತ್ತದೆ.

ಮುಂದಿನ ಹ ಉದುರಿದ್ದು ಇದೊಂದರಲ್ಲೇ ಅಲ್ಲ. ಲೌಡ್, ಲಾಫ್, ಲ್ಯಾಡರ್, ಲಿಸನ್ ಎಲ್ಲವೂ ಆಗ ‘ಹ್ಲ’ದಿಂದ ಶುರುವಾಗುತ್ತಿದ್ದವು. ಹ್ಲಾಫ್ ಕೂಡ ಹಾಗೇ ಲೋಫ್ ಆಯಿತು.

ಬೇಕರಿಯವರಿಗೆ ಇಷ್ಟವಾಗುವ ಇನ್ನೊಂದು ವಿಷಯ ಇದೆ. ಆ ಕಾಲದಲ್ಲಿ ಬ್ರೆಡ್ಡಿಗೆ ದಿನಬಳಕೆಯ ಹೆಸರು ‘ಹ್ಲಾಫ್’. ‘ಬ್ರೆಡ್’ ಅನ್ನುವುದು ತುಂಡು, ಚೂರು ಅನ್ನುವ ಅರ್ಥದಲ್ಲಿ ಹಳೆಯ ಬರಹಗಳಲ್ಲಿ ಸಿಗುತ್ತದೆ. 1200ರ ಹೊತ್ತಿಗೆ ತುಂಡಿನ ಹೆಸರೇ ಇಡೀ ತಿನಿಸಿನ ಹೆಸರಾಯಿತು. ಹ್ಲಾಫ್ ಹಿಂದೆ ಸರಿದು, ಒಂದು ಇಡೀ ಗಟ್ಟಿಗೆ ಮಾತ್ರ ಲೋಫ್ ಅನ್ನುವಂತಾಯಿತು. ನಿಮ್ಮ ಅಂಗಡಿಯಲ್ಲಿ ಅದೇ ಜಾಗದಲ್ಲಿ ‘ಪೌಂಡ್’ ಕೂತಿದೆ.

ಬಯಲುಸೀಮೆ

ಓದಿ ತುಂಬಾ ಖುಷಿಯಾಯಿತು. ಅಂದರೆ ಲಾರ್ಡ್ ಅಂದರೆ ನಮ್ಮ ‘ಅನ್ನದಾತ’! ಹಸಿದವರಿಗೆ ಅನ್ನ ಕೊಡುವವನೇ ನಿಜವಾದ ಒಡೆಯ. ಈಗಿನವರು ಆ ಅರ್ಥ ಮರೆತು ದರ್ಪ ಮಾಡುತ್ತಾರೆ.

ಪದಗಳ ಹಿಂದೆ

ಬಯಲುಸೀಮೆ ಅವರೇ, ಇಲ್ಲಿ ಸ್ವಲ್ಪ ತಡೆಯಿರಿ. ಪದದಲ್ಲಿ ‘ಕೊಡುವವನು’ ಇಲ್ಲ. ‘ಕಾಯುವವನು’ ಇದೆ. ಕೊಡುವವನು ಅಂತ ಹೇಳಲು ಆ ಭಾಷೆಯಲ್ಲಿ ಬೇರೆ ಮಾತುಗಳಿದ್ದವು. ರಾಜನನ್ನು ಹೊಗಳುವಾಗ ಕವಿಗಳು ‘ಬಳೆ ಹಂಚುವವನು’, ‘ಹೊನ್ನು ಕೊಡುವವನು’ ಅನ್ನುತ್ತಿದ್ದರು. ಬ್ರೆಡ್ಡಿನ ವಿಷಯದಲ್ಲಿ ಮಾತ್ರ ಕಾವಲು.

ಕಾಯುವುದು ಅಂದ ಮೇಲೆ ಯಾರಿಂದ ಕಾಯುವುದು ಅನ್ನುವ ಪ್ರಶ್ನೆ ಬರುತ್ತದೆ. ಹೊರಗಿನ ಕಳ್ಳರಿಂದಲೂ ಇರಬಹುದು. ಮನೆಯೊಳಗೆ ಹಸಿದಿರುವವರಿಂದಲೂ ಇರಬಹುದು. ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವನು ಹ್ಲಾವೋರ್ಡ್. ಯಾರಿಗೆ ಎಷ್ಟು, ಯಾವಾಗ ಅನ್ನುವುದು ಅವನ ಮಾತು. ಅಧಿಕಾರ ಹುಟ್ಟುವುದು ಅಲ್ಲೇ.

ಆ ‘ವೆಯರ್ಡ್’ ಈಗಲೂ ಬದುಕಿದೆ. ಆಸ್ಪತ್ರೆಯ ವಾರ್ಡು, ಹಾಸ್ಟೆಲಿನ ವಾರ್ಡನ್, ಗಾರ್ಡ್ ಎಲ್ಲವೂ ಒಂದೇ ಬಳಗ. ‘ಸ್ಟುವರ್ಡ್’ ಕೂಡ. ಅದು ಮೊದಲು ಮನೆಯನ್ನು, ಪಡಸಾಲೆಯನ್ನು ನೋಡಿಕೊಳ್ಳುವ ಆಳಿನ ಹೆಸರು. ಸ್ಕಾಟ್ಲೆಂಡಿನಲ್ಲಿ ಆ ಹುದ್ದೆ ವಂಶಪಾರಂಪರ್ಯವಾಗಿ, ಆ ವಂಶವೇ ಮುಂದೆ ಸ್ಟುವರ್ಟ್ ರಾಜಮನೆತನ ಆಯಿತು. ಉಗ್ರಾಣ ನೋಡಿಕೊಳ್ಳುವ ಕೆಲಸದಿಂದ ಸಿಂಹಾಸನದ ತನಕ!

ಹಳಗನ್ನಡ ಓದುಗ

ಎಷ್ಟು ಒಳ್ಳೆಯ ಚರ್ಚೆ. ನಾನು ಕನ್ನಡದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಹಳಗನ್ನಡದಲ್ಲಿ ‘ಜೋಳವಾಳಿ’ ಅನ್ನುವ ಪದ ಇದೆ. ‘ಜೋಳದ ಪಾಳಿ’ ಅಂತಲೂ ಅನ್ನುತ್ತಾರೆ. ಕಾವ್ಯಗಳಲ್ಲೂ ಶಾಸನಗಳಲ್ಲೂ ಬರುತ್ತದೆ. ಒಡೆಯನ ಮನೆಯ ಜೋಳ ಉಂಡಿದ್ದೇನೆ, ಆ ಋಣ ತೀರಿಸಲು ಅವನಿಗಾಗಿ ಯುದ್ಧ ಮಾಡುತ್ತೇನೆ, ಬೇಕಾದರೆ ಸಾಯುತ್ತೇನೆ ಅನ್ನುವ ಕಟ್ಟುಪಾಡು ಅದು. ನೋಡಿ, ನಂಬಿಕೆಯನ್ನು ಅಳೆಯಲು ಚಿನ್ನ ಬರಲಿಲ್ಲ, ಜೋಳ ಬಂತು. ಅಲ್ಲಿ ಬ್ರೆಡ್ಡು, ಇಲ್ಲಿ ಜೋಳ.

ಇನ್ನೂ ಒಂದು ಹೆಜ್ಜೆ ಮುಂದೆ ‘ವೇಳೆವಾಳಿ’. ಒಡೆಯ ಸತ್ತರೆ ತಾನೂ ಬದುಕಿರುವುದಿಲ್ಲ ಅನ್ನುವ ಆಣೆ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಕಂಬ ನೋಡಿರಬಹುದು. ಹೊಯ್ಸಳ ದೊರೆ ವೀರಬಲ್ಲಾಳನ ಗರುಡನಾಗಿದ್ದ, ಅಂದರೆ ಇಂಥ ಆಣೆ ಮಾಡಿದ ಅಂಗರಕ್ಷಕನಾಗಿದ್ದ, ಕುವರಲಕ್ಷ್ಮನ ನೆನಪಿನ ಕಂಬ ಅದು. 13ನೇ ಶತಮಾನದ್ದು. ಒಡೆಯ ತೀರಿಕೊಂಡಾಗ ಅವನೂ ಅವನ ಸಂಗಡಿಗರೂ ಪ್ರಾಣ ಬಿಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ವೀರರ ಚಿತ್ರಗಳಿವೆ. ನನಗೆ ಆ ಕಂಬದ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

‘ಉಂಬಳಿ’ ಕೂಡ ಊಟದಿಂದಲೇ ಬಂದ ಪದ. ಉಣ್ಣು, ಉಂಬು, ಉಂಬಳಿ. ಸೇವೆ ಮಾಡಿದವನಿಗೆ ಉಣ್ಣಲು ಬಿಟ್ಟ ನೆಲ. ಈಗ ‘ಉಂಬಳಿ’ ಅಂದರೆ ಬಿಟ್ಟಿ ಸಿಕ್ಕಿದ್ದು ಅನ್ನುವ ಹಾಗೆ ಮಾತಾಡುತ್ತಾರೆ.

ಲೆಸ್ಟರ್ ನಿವಾಸಿ

ಹಳಗನ್ನಡ ಓದುಗರೇ, ನಿಮ್ಮ ವೇಳೆವಾಳಿ ಓದಿದ ಕೂಡಲೇ ನನಗೆ ಮಾಲ್ಡನ್ ನೆನಪಾಯಿತು. ನಾನು ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೇನೆ. ಮೂಲ ತುಮಕೂರು.

ಮಾಲ್ಡನ್ ಅಂದರೆ ಎಸೆಕ್ಸ್ ಕಡಲತೀರದ ಒಂದು ಊರು. 991ರಲ್ಲಿ ಅಲ್ಲಿ ವೈಕಿಂಗ್ ದಾಳಿಕೋರರಿಗೂ ಊರಿನವರಿಗೂ ಯುದ್ಧವಾಯಿತು. ಇಂಗ್ಲಿಷರ ದಳಪತಿ ಬ್ಯುರ್ಹ್ಟ್‌ನೋಥ್ ಸತ್ತ. ಕೆಲವರು ಓಡಿಹೋದರು. ಅವನ ಮನೆಯಾಳುಗಳು ಮಾತ್ರ ನಿಂತು ಕಾದಾಡಿ ಸತ್ತರು. ಈ ಯುದ್ಧದ ಮೇಲೆ ಹಳೆಯ ಇಂಗ್ಲಿಷಿನಲ್ಲಿ ಒಂದು ಪದ್ಯ ಇದೆ. ಮೊದಲೂ ಕೊನೆಯೂ ಕಳೆದುಹೋಗಿ ನಡುವಿನ ಭಾಗ ಉಳಿದಿದೆ. ಅದರಲ್ಲಿ ಲಿಯೋಫ್‌ಸುನು ಅನ್ನುವವನು ಹೇಳುವ ಮಾತಿನ ಭಾವ ಇಷ್ಟು: ‘ನಮ್ಮೂರಿನವರು ನಾಳೆ ನನ್ನನ್ನು ಆಡಿಕೊಳ್ಳಬಾರದು, ಒಡೆಯನನ್ನು ಕಳೆದುಕೊಂಡು ಇವನು ಮನೆಗೆ ಬಂದ ಅಂತ.’ ಅಲ್ಲಿ ಬರುವ ಪದ ‘ಹ್ಲಾವೋರ್ಡ್‌ಲೆಯಸ್’. ಒಡೆಯನಿಲ್ಲದವನು ಅಂತ ಅರ್ಥ. ಅಕ್ಷರಶಃ ಬಿಡಿಸಿದರೆ, ಬ್ರೆಡ್ಡು ಕಾಯುವವನಿಲ್ಲದವನು.

ನಾನು ಆ ಜಾಗಕ್ಕೆ ಹೋಗಿದ್ದೇನೆ. ದಾಳಿಕೋರರು ಇಳಿದಿದ್ದರು ಅನ್ನುವ ನಡುಗಡ್ಡೆಗೆ ಒಂದು ಕಿರುದಾರಿ ಇದೆ. ಸಮುದ್ರ ಇಳಿದಾಗ ಮಾತ್ರ ಕಾಣುತ್ತದೆ. ಕೆಸರು, ಗಾಳಿ, ಹಕ್ಕಿಗಳ ಕೂಗು. ಅಷ್ಟೇ. ಹಳೇಬೀಡಿನ ಹಾಗೆ ಕೆತ್ತನೆಯ ಕಂಬ ಏನಿಲ್ಲ. ಆದರೆ ಇಬ್ಬರದ್ದೂ ಒಂದೇ ನಂಬಿಕೆ ಅಂತ ಈಗ ನಿಮ್ಮ ಮಾತಿನಿಂದ ಹೊಳೆಯಿತು. ಧನ್ಯವಾದ.

ಪದಗಳ ಹಿಂದೆ

ಇದಕ್ಕೆ ಕಾನೂನಿನ ಕಡೆಯಿಂದಲೂ ಸಾಕ್ಷಿ ಇದೆ. 871ರಿಂದ 899ರ ತನಕ ಆಳಿದ ಆಲ್ಫ್ರೆಡ್ ದೊರೆ ತನ್ನ ಕಟ್ಟಳೆಗಳಲ್ಲಿ, ಮೊದಲ ತಪ್ಪಿಗೆ ದಂಡ ಕಟ್ಟಿ ಉಳಿದುಕೊಳ್ಳಬಹುದು ಅಂದ. ಒಂದಕ್ಕೆ ಮಾತ್ರ ಕ್ಷಮೆ ಇಲ್ಲ, ಅದು ಒಡೆಯನಿಗೆ ಬಗೆಯುವ ದ್ರೋಹ. ಯೇಸುವಿಗೆ ದ್ರೋಹ ಮಾಡಿದ ಜುದಾಸನ ಉದಾಹರಣೆಯನ್ನೇ ಕೊಟ್ಟ. ‘ಉಂಡ ಮನೆಗೆ ಎರಡು ಬಗೆಯಬಾರದು’ ಅನ್ನುವ ಮಾತು ಅಲ್ಲಿ ಶಾಸನವೇ ಆಗಿತ್ತು.

ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೂ ಹಳೆಯ ಒಂದು ಸಾಲು. ಕೆಂಟ್ ಪ್ರದೇಶದ ದೊರೆ ಎಥೆಲ್‌ಬರ್ಟ್, ಸುಮಾರು 600ರ ಹೊತ್ತಿಗೆ, ಒಂದು ಕಾನೂನುಪಟ್ಟಿ ಮಾಡಿಸಿದ. ಇಂಗ್ಲಿಷಿನಲ್ಲಿ ಉಳಿದುಬಂದಿರುವ ಅತಿ ಹಳೆಯ ಕಾನೂನು ಅದೇ. ಅದರಲ್ಲಿ ‘ಹ್ಲಾಫ್-ಆ್ಯಟ’ ಅನ್ನುವ ಪದ ಬರುತ್ತದೆ. ಬ್ರೆಡ್ಡು ತಿನ್ನುವವನು. ಅಂದರೆ ಬೇರೆಯವರ ಮನೆಯಲ್ಲಿ ಉಂಡುಕೊಂಡು ದುಡಿಯುವ ಆಳು. ಅವನನ್ನು ಯಾರಾದರೂ ಕೊಂದರೆ ದಂಡ 6 ಷಿಲಿಂಗ್. ಸ್ವತಂತ್ರ ಮನುಷ್ಯನನ್ನು ಕೊಂದರೆ ಅದೇ ಕಾನೂನಿನಲ್ಲಿ 100 ಷಿಲಿಂಗ್.

ಈಗ ಇದನ್ನು ಗಮನಿಸಿ. ಆ ಸಾಲಿನಲ್ಲಿ ಆಳು ಯಾರ ಮನೆಯವನು? ರಾಜನವನಲ್ಲ. ‘ಚೆಯೋರ್ಲ್’ ಅನ್ನುವವನ ಮನೆಯವನು. ಚೆಯೋರ್ಲ್ ಅಂದರೆ ಸಾಮಾನ್ಯ ರೈತ. ಆದ್ದರಿಂದ ಬ್ರೆಡ್ಡು ತಿನ್ನುವವನು ಇದ್ದದ್ದು ಅರಮನೆಯಲ್ಲಿ ಮಾತ್ರ ಅಲ್ಲ, ಒಕ್ಕಲು ಮನೆಗಳಲ್ಲೂ. ಬ್ರೆಡ್ಡು ಕಾಯುವವನು ಕೂಡ ಮೊದಲು ಮನೆಯ ಯಜಮಾನ ಅಷ್ಟೇ ಇದ್ದಿರಬೇಕು ಅಂತ ನನ್ನ ತಿಳುವಳಿಕೆ. ಹೆಂಡತಿಗೂ ಗಂಡ ಹ್ಲಾವೋರ್ಡೇ. ಅಡುಗೆಮನೆಯ ಪಕ್ಕದಲ್ಲಿ ಹುಟ್ಟಿದ ಪದ ಅರಮನೆಗೆ ಹೋಯಿತು. ಆ ಬಡ ‘ಚೆಯೋರ್ಲ್’ ಮಾತ್ರ ಕೆಳಗಿಳಿದು ‘ಚರ್ಲ್’ ಆದ, ಒರಟ ಅನ್ನುವ ಬೈಗುಳವಾದ.

ಕಡಲತೀರದವಳು

ನಾನು ಉಡುಪಿ ಕಡೆಯವಳು. ಇದನ್ನೆಲ್ಲ ಓದುತ್ತಾ ನನಗೆ ನಮ್ಮ ಅಜ್ಜಿಯ ಮಾತೇ ಕಿವಿಯಲ್ಲಿ ಕೇಳುತ್ತಿದೆ. ಅವರು ಗೇಣಿ ಒಕ್ಕಲು. ಯಜಮಾನರನ್ನು ‘ಧಣಿ’ ಅನ್ನುತ್ತಿದ್ದರು.

ನೀವೆಲ್ಲ ಒಡೆಯನ ಮನೆಯ ಜೋಳ, ಒಡೆಯನ ಮನೆಯ ಬ್ರೆಡ್ಡು ಅನ್ನುತ್ತಿದ್ದೀರಿ. ಆ ಜೋಳ ಬೆಳೆದದ್ದು ಯಾರು ಮಾರಾಯ್ರೆ? ನಮ್ಮಲ್ಲಿ ಭತ್ತ ಬೆಳೆದದ್ದು ಅಜ್ಜ ಅಜ್ಜಿ. ಕುಟ್ಟಿ, ಅಕ್ಕಿ ಮಾಡಿ, ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಧಣಿಗಳ ಚಾವಡಿಯಲ್ಲಿ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ಅದೇ ಚಾವಡಿಗೆ ಹೋಗಿ ಕೈಯೊಡ್ಡಬೇಕು. ತಾನೇ ಕಟ್ಟಿದ ಮುಡಿಯನ್ನು ಬಿಚ್ಚಿ ಕೊಡುತ್ತಿದ್ದರಂತೆ. ಆಗ ಅದು ಧಣಿಗಳ ಅನ್ನ, ಧಣಿಗಳ ಋಣ. ಅಜ್ಜಿ ಇದನ್ನು ಹೇಳುವಾಗ ಸಿಟ್ಟು ಮಾಡುತ್ತಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಗುತ್ತಿತ್ತು.

1974ರ ಭೂಸುಧಾರಣೆ ಬಂದಾಗ ನಮ್ಮಜ್ಜ ಡಿಕ್ಲರೇಷನ್ ಕೊಟ್ಟರು, ಅಂದರೆ ಉಳುವ ಗದ್ದೆ ತಮ್ಮ ಹೆಸರಿಗೆ ಆಗಬೇಕು ಅನ್ನುವ ಅರ್ಜಿ. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಆಗ ಊರೂರಿನಲ್ಲಿ ಕೇಳುತ್ತಿತ್ತು. ಗದ್ದೆ ಅಜ್ಜನ ಹೆಸರಿಗೆ ಬಂತು. ಆ ವರ್ಷದ ಕೊಯ್ಲಿನಲ್ಲಿ ಅಜ್ಜಿ ಮುಡಿ ಕಟ್ಟಿ ನಮ್ಮದೇ ಅಟ್ಟದಲ್ಲಿಟ್ಟರಂತೆ. ಪದದ ಚರ್ಚೆಯಲ್ಲಿ ಇದು ಹೊರಗಿನ ವಿಷಯ ಅನ್ನಿಸಿದರೆ ಕ್ಷಮಿಸಿ. ನನಗೆ ಹೇಳದೆ ಇರಲಾಗಲಿಲ್ಲ.

ಹಳಗನ್ನಡ ಓದುಗ

ಕ್ಷಮೆ ಯಾಕಮ್ಮ. ಇದೇ ವಿಷಯ. ನಾನು ಜೋಳವಾಳಿಯ ಬಗ್ಗೆ ಬರೆಯುವಾಗ ಜೋಳ ಬೆಳೆದವರನ್ನು ನೆನೆಯಲೇ ಇಲ್ಲ. ತಿದ್ದಿದ್ದಕ್ಕೆ ಧನ್ಯವಾದ.

ನೀವು ಹೇಳಿದ ಘೋಷಣೆಯಲ್ಲಿ ‘ಹೊಲದೊಡೆಯ’ ಇದೆ ನೋಡಿ. ಹಳೆಯ ಇಂಗ್ಲಿಷಿನ ‘ಲ್ಯಾಂಡ್‌ಹ್ಲಾವೋರ್ಡ್’, ಅಂದರೆ ಈಗಿನ ಲ್ಯಾಂಡ್‌ಲಾರ್ಡ್, ಅದಕ್ಕೆ ಸರಿಯಾದ ಕನ್ನಡ ಅದೇ. ಆದರೆ ಕನ್ನಡದಲ್ಲಿ ಆ ಪದವನ್ನು ಉಳುವವನ ಕೈಗೆ ಕೊಟ್ಟೆವು. ಇಂಗ್ಲಿಷಿನಲ್ಲಿ ಲ್ಯಾಂಡ್‌ಲಾರ್ಡ್ ಜಮೀನಿನಿಂದ ಇಳಿದು ಬಾಡಿಗೆ ಮನೆಯ ಓನರ್ ಆದ.

‘ಒಡೆಯ’ ಪದದಲ್ಲಿ ಊಟ ಇಲ್ಲ. ‘ಒಡೆ’ ಅಂದರೆ ತನ್ನದಾಗಿ ಹೊಂದುವುದು. ಹೊಂದಿದವನು ಒಡೆಯ. ಹೊಂದಿದ ವಸ್ತು ‘ಒಡವೆ’. ಒಡವೆ ಅಂದರೆ ಮೊದಲು ಎಲ್ಲ ಆಸ್ತಿಯೂ ಆಗಿತ್ತು. ಈಗ ಚಿನ್ನಕ್ಕೆ ಮಾತ್ರ ಹೇಳುತ್ತೇವೆ. ಹ್ಲಾಫ್ ಕುಗ್ಗಿ ಲೋಫ್ ಆದ ಹಾಗೇ.

ಲೆಸ್ಟರ್ ನಿವಾಸಿ

ಲ್ಯಾಂಡ್‌ಲಾರ್ಡ್ ಅಂದರೆ ಇಲ್ಲಿ ಪಬ್ ನಡೆಸುವವನೂ ಹೌದು. ಊರಿನ ಪಬ್ಬಿನ ಮಾಲೀಕನನ್ನು ಇವತ್ತಿಗೂ ಹಾಗೇ ಅನ್ನುತ್ತಾರೆ. ಅವನು ಊಟ ಕೊಡುತ್ತಾನೆ, ಗಿರಾಕಿಗೆ ಜಾಸ್ತಿಯಾಯಿತು ಅನ್ನಿಸಿದರೆ ಕೊಡುವುದನ್ನು ನಿಲ್ಲಿಸುವ ಹಕ್ಕೂ ಅವನದೇ.

ಕಡಲತೀರದವಳು

‘ಲೇಡಿ’ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ? ಬೇಕರಿ ಮನೆಯವರು ಅಮ್ಮನ ವಿಷಯದಿಂದಲೇ ಶುರು ಮಾಡಿದ್ದು.

ಪದಗಳ ಹಿಂದೆ

ಹೌದು, ನನ್ನದೇ ತಪ್ಪು. ಈಗ ಹೇಳುತ್ತೇನೆ.

ಲೇಡಿಯ ಹಳೆಯ ರೂಪ ‘ಹ್ಲ್ಯಾವ್‌ಡೀಯೆ’. ಹ್ಲಾಫ್ ಗೊತ್ತೇ ಇದೆ. ‘ಡೀಯೆ’ ಅಂದರೆ ನಾದುವವಳು. ಇದರ ಬೇರು ನಾದಿದ ಹಿಟ್ಟಿಗೆ ಇಂಗ್ಲಿಷಿನಲ್ಲಿ ಹೇಳುವ ‘ಡೋ’ ಪದದ ಬೇರೇ. ಆ ಬೇರನ್ನು ಇನ್ನೂ ಕೆಳಗೆ ಅಗೆದರೆ ಸಿಗುವುದು ಮಣ್ಣನ್ನೋ ಹಿಟ್ಟನ್ನೋ ಕಲಸಿ, ಮೆತ್ತಿ, ಆಕಾರ ಕೊಡುವುದು ಅನ್ನುವ ಅರ್ಥ. ಸಂಸ್ಕೃತದ ‘ದಿಹ್’ ಧಾತು ಇದೇ ಬಳಗ. ಅದರಿಂದಲೇ ನಾವು ದಿನಾ ಬಳಸುವ ‘ದೇಹ’ ಬಂತು. ಮೆತ್ತಿ ಮಾಡಿದ್ದು, ದೇಹ. ಹಳೆಯ ಇರಾನಿ ಭಾಷೆಯಲ್ಲಿ ಇದೇ ಬೇರಿನಿಂದ ಮಣ್ಣಿನ ಗೋಡೆಗೆ ಹೆಸರು ಬಂತು. ಸುತ್ತ ಗೋಡೆ ಕಟ್ಟಿದ ತೋಟಕ್ಕೆ ಹೇಳುತ್ತಿದ್ದ ಮಾತು ಗ್ರೀಕರ ಮೂಲಕ ಹೋಗಿ ‘ಪ್ಯಾರಡೈಸ್’ ಆಯಿತು. ಲ್ಯಾಟಿನ್ ಕಡೆಯಿಂದ ‘ಫಿಗರ್’, ‘ಫಿಕ್ಷನ್’ ಕೂಡ ಇದೇ ಬೇರಿನವು.

ನನಗೆ ಇದು ಪ್ರತಿ ಸಲವೂ ರೋಮಾಂಚನ ಕೊಡುತ್ತದೆ. ಲೇಡಿ, ಡೋ, ದೇಹ, ಪ್ಯಾರಡೈಸ್. ಎಲ್ಲದರ ಹಿಂದೆ ಎರಡು ಕೈ, ಒಂದು ಮುದ್ದೆ ಹಿಟ್ಟು ಅಥವಾ ಮಣ್ಣು.

ಬೇಕರಿ ಮನೆ

ಇದನ್ನು ಓದಿ ಅಮ್ಮನಿಗೆ ಹೇಳಿದೆ. ‘ದೇಹ ಅಂದ್ರೆ ನಾದಿದ್ದಾ? ಹಾಗಿದ್ರೆ ನನ್ನ ಕೈ ನೋವು ಅದಕ್ಕೇ’ ಅಂದರು. ಹಿಟ್ಟು ಹದಕ್ಕೆ ಬಂದಾಗ ಕಿವಿಯ ತುದಿ ಮುಟ್ಟಿದಷ್ಟು ಮೆತ್ತಗಿರಬೇಕು ಅಂತ ಅವರು ನನಗೆ ಕಲಿಸಿದ್ದು. ಚಿಕ್ಕವನಿದ್ದಾಗ ನನ್ನ ಕಿವಿ ಮುಟ್ಟಿ ನೋಡಿಯೇ ಹಿಟ್ಟು ಒಪ್ಪುತ್ತಿದ್ದರು.

ಲೆಸ್ಟರ್ ನಿವಾಸಿ

ಲೇಡಿ ಅಂದರೆ ಬರೀ ಅಡುಗೆಮನೆ ಅಂದುಕೊಳ್ಳಬೇಡಿ. ಆಲ್ಫ್ರೆಡ್ ದೊರೆಯ ಮಗಳು ಎಥೆಲ್‌ಫ್ಲೆಡ್ ಅಂತ ಇದ್ದಳು. ಗಂಡ ಸತ್ತ ಮೇಲೆ ಮರ್ಸಿಯಾ ರಾಜ್ಯವನ್ನು ತಾನೇ ಆಳಿದಳು. ಕೋಟೆ ಕಟ್ಟಿಸಿದಳು, ಸೈನ್ಯ ನಡೆಸಿದಳು. 917ರಲ್ಲಿ ಡರ್ಬಿಯನ್ನು ವೈಕಿಂಗರಿಂದ ಗೆದ್ದಳು. ಮಾರನೇ ವರ್ಷ ನಾನಿರುವ ಈ ಲೆಸ್ಟರನ್ನು ಯುದ್ಧವೇ ಇಲ್ಲದೆ ಪಡೆದಳು. ಅದೇ ವರ್ಷ, 918ರಲ್ಲಿ, ಟ್ಯಾಮ್‌ವರ್ತ್‌ನಲ್ಲಿ ತೀರಿಕೊಂಡಳು. ಇಂಗ್ಲಿಷಿನ ಹಳೆಯ ದಾಖಲೆಗಳು ಆಕೆಯನ್ನು ರಾಣಿ ಅನ್ನುವುದಿಲ್ಲ. ‘ಮರ್ಸಿಯನ್ನರ ಹ್ಲ್ಯಾವ್‌ಡೀಯೆ’ ಅನ್ನುತ್ತವೆ. ಆ ಕಾಲದಲ್ಲಿ ಆ ಪದದ ತೂಕ ಅಷ್ಟಿತ್ತು. ಇಲ್ಲಿನ ಗಿಲ್ಡ್‌ಹಾಲ್ ಅಂಗಳದಲ್ಲಿ ಆಕೆಯ ಒಂದು ಪ್ರತಿಮೆ ಇದೆ. ಹಾದುಹೋಗುವಾಗ ನೋಡುತ್ತೇನೆ.

ಕಡಲತೀರದವಳು

ಹಾಗಿದ್ದ ಪದ ಈಗ ಬಸ್ಸಿನ ‘ಲೇಡೀಸ್ ಸೀಟ್’ ಆಗಿದೆ, ಬೆಂಡೆಕಾಯಿಯ ‘ಲೇಡೀಸ್ ಫಿಂಗರ್’ ಆಗಿದೆ. ನನಗೆ ಬೇಸರವಿಲ್ಲ. ರಾಣಿಗೆ ಹೇಳುವ ಮಾತನ್ನು ಬಸ್ಸಿನಲ್ಲಿ ಕೂರುವ ಎಲ್ಲ ಹೆಂಗಸರಿಗೂ ಹೇಳುವುದು ಒಳ್ಳೆಯದೇ ಅಲ್ವಾ? ‘ಲಾರ್ಡ್’ ಹಾಗೆ ಎಲ್ಲ ಗಂಡಸರಿಗೂ ಹಂಚಿಹೋಗಲಿಲ್ಲ. ಅದು ಮೇಲೇ ಉಳಿಯಿತು.

ಬಯಲುಸೀಮೆ

ಲಾರ್ಡ್ಸ್ ಕ್ರಿಕೆಟ್ ಮೈದಾನ? ಕಪಿಲ್ ದೇವ್ 1983ರ ಜೂನ್ 25ರಂದು ಕಪ್ ಎತ್ತಿದ ಜಾಗ. ಅದೂ ದೊರೆಗಳದ್ದೇ?

ಲೆಸ್ಟರ್ ನಿವಾಸಿ

ಅಲ್ಲ. ಥಾಮಸ್ ಲಾರ್ಡ್ ಅನ್ನುವ ವ್ಯಕ್ತಿಯ ಹೆಸರು. 1787ರಲ್ಲಿ ಮೊದಲ ಮೈದಾನ ಮಾಡಿದ, ಈಗಿನ ಜಾಗಕ್ಕೆ ಬಂದಿದ್ದು 1814ರಲ್ಲಿ. ಅವನ ಮನೆತನದ ಹೆಸರು ಅಷ್ಟೇ.

ಕರಿಕೋಟು

ನಾನು ವಕೀಲ. ದಿನಕ್ಕೆ ಎಷ್ಟು ಸಲ ‘ಮೈ ಲಾರ್ಡ್’ ಅಂದಿದ್ದೇನೋ ಲೆಕ್ಕವಿಲ್ಲ. ಅದನ್ನು ಬೇಗ ಹೇಳಿದರೆ ‘ಮಿಲಾರ್ಡ್’. ಇಷ್ಟು ವರ್ಷ ಅದರೊಳಗೆ ಬ್ರೆಡ್ಡು ಇದೆ ಅಂತ ಗೊತ್ತೇ ಇರಲಿಲ್ಲ.

ಭಾರತದ ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ‘ಯುವರ್ ಆನರ್’ ಅಥವಾ ‘ಆನರಬಲ್ ಕೋರ್ಟ್’ ಅನ್ನಬಹುದು. ಕೆಳಗಿನ ಕೋರ್ಟುಗಳಲ್ಲಿ ‘ಸರ್’ ಸಾಕು. ‘ಮೈ ಲಾರ್ಡ್’ ವಸಾಹತು ಕಾಲದ ಪಳೆಯುಳಿಕೆ ಅಂತ ಅದರಲ್ಲೇ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆ ಕರೆಯುವುದು ಕಡ್ಡಾಯ ಅಲ್ಲ, ಗೌರವದಿಂದ ಮಾತಾಡಿದರೆ ಸಾಕು ಅಂದಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ 2021ರಲ್ಲಿ ಕೆಲವು ನ್ಯಾಯಮೂರ್ತಿಗಳು ತಾವಾಗಿಯೇ ‘ಸರ್’, ‘ಮೇಡಂ’ ಅನ್ನಿ ಅಂತ ಕೇಳಿಕೊಂಡರು. ನನಗೆ ಅದು ತುಂಬಾ ಹಿಡಿಸಿತು. ಆದರೂ ಎದ್ದು ನಿಂತ ಕೂಡಲೇ ಬಾಯಿಗೆ ಬರುವುದು ಅದೇ ಹಳೆಯ ಮಾತು. ಅಭ್ಯಾಸ ಬಿಡಲು ನಾನು ನಿಜವಾಗಿ ಪ್ರಯತ್ನ ಪಡುತ್ತಿದ್ದೇನೆ.

ಕನ್ನಡದಲ್ಲಿ ಸಾಕ್ಷಿ ಹೇಳುವವರು ಕಟಕಟೆಯಲ್ಲಿ ನಿಂತು ‘ಸ್ವಾಮಿ’ ಅನ್ನುತ್ತಾರೆ. ಇದರ ಮೂಲವನ್ನೂ ತಿಳಿದವರು ಹೇಳಬಹುದಾ?

ಪದಗಳ ಹಿಂದೆ

‘ಸ್ವ’ ಅಂದರೆ ತನ್ನದು. ತನ್ನದು ಅನ್ನುವುದು ಇರುವವನು ಸ್ವಾಮಿ. ಒಡೆಯ ಅನ್ನುವ ಅರ್ಥವೇ. ಅದರ ದಾರಿ ನೋಡಿ: ಒಡೆಯ, ಗಂಡ, ದೇವರು, ಮಠದ ಗುರು. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನಿಗೂ ‘ಟೈಮ್ ಎಷ್ಟು ಸ್ವಾಮಿ?’. ಲಾರ್ಡ್ ಕೂಡ ಒಡೆಯ, ಗಂಡ, ದೇವರು ಈ ಮೂರನ್ನೂ ಹೊತ್ತಿದೆ. ಕೊನೆಯ ಮೆಟ್ಟಿಲು ಮಾತ್ರ ಇಳಿಯಲಿಲ್ಲ. ಕಡಲತೀರದವರು ಹೇಳಿದ್ದು ಸರಿ.

ದೇವರಾದದ್ದು ಹೇಗೆ ಅನ್ನುವ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರ. ಇಂಗ್ಲಿಷರು ಕ್ರೈಸ್ತರಾದ ಮೇಲೆ ಲ್ಯಾಟಿನ್ನಿನ ‘ಡೋಮಿನುಸ್’ ಪದಕ್ಕೆ ತಮ್ಮ ಮಾತು ಬೇಕಾಯಿತು. ಡೋಮಿನುಸ್ ಕೂಡ ಮೂಲದಲ್ಲಿ ಮನೆಯ ಯಜಮಾನನೇ. ಮೊದಮೊದಲು ‘ಡ್ರಿಹ್ಟೆನ್’ ಅನ್ನುವ ಪದ ಜಾಸ್ತಿ ನಡೆಯಿತು. ಅದು ಯೋಧರ ಗುಂಪಿನ ನಾಯಕನ ಹೆಸರು. ನಿಧಾನವಾಗಿ ಆ ಪದ ಸತ್ತುಹೋಗಿ, ಮನೆಯ ಪದ ಲಾರ್ಡ್ ದೇವರ ಹೆಸರಾಗಿ ನಿಂತಿತು.

ಕೊಂಕಣಿ ಮನೆಮಾತು

ನಾನು ಮಂಗಳೂರಿನ ಕ್ರೈಸ್ತಳು. ಮೇಲಿನ ಮಾತಿಗೆ ಇದು ಸೇರುತ್ತದೆ ಅಂತ ಬರೆಯುತ್ತಿದ್ದೇನೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರ’ವನ್ನು ಕೇಳುತ್ತೇವೆ. ಹಳೆಯ ಇಂಗ್ಲಿಷಿನಲ್ಲಿ ಅದೇ ಸಾಲನ್ನು ಹುಡುಕಿ ನೋಡಿದೆ. ಅಲ್ಲಿರುವುದು ‘ಹ್ಲಾಫ್’! ಈಗಿನ ಇಂಗ್ಲಿಷರು ಅದೇ ಪ್ರಾರ್ಥನೆಯನ್ನು ‘ಲಾರ್ಡ್ಸ್ ಪ್ರೇಯರ್’ ಅನ್ನುತ್ತಾರೆ. ಪ್ರಾರ್ಥನೆಯ ಒಳಗಿದ್ದ ಹ್ಲಾಫ್ ಹೋಗಿ ಬ್ರೆಡ್ ಬಂದಿದೆ. ಹಳೆಯ ಹ್ಲಾಫ್ ಅದರ ಹೆಸರಿನೊಳಗೆ ಅಡಗಿ ಕೂತಿದೆ. ಇದನ್ನು ಕಂಡು ನನಗೆ ಕಣ್ಣು ತುಂಬಿತು.

ಇನ್ನೊಂದು. ಅಲ್ಲಿ ಆಗಸ್ಟ್ 1ಕ್ಕೆ ‘ಲ್ಯಾಮಸ್’ ಅನ್ನುವ ಹಬ್ಬ ಇತ್ತಂತೆ. ಹ್ಲಾಫ್‌ಮಾಸ್, ಬ್ರೆಡ್ಡಿನ ಪೂಜೆ. ಹೊಸ ಗೋಧಿಯ ಮೊದಲ ಬ್ರೆಡ್ಡನ್ನು ಇಗರ್ಜಿಗೆ, ಅಂದರೆ ಚರ್ಚಿಗೆ, ಒಯ್ಯುತ್ತಿದ್ದರು. ನಮ್ಮ ಮೊಂತಿ ಫೆಸ್ತ್ ಥೇಟ್ ಇದೇ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಹಂಚಿ ಉಣ್ಣುತ್ತೇವೆ. ಕೊಡಗಿನವರ ಹುತ್ತರಿಯೂ ಹೊಸ ಬೆಳೆಯ ಹಬ್ಬವೇ.

ಕರಿಕೋಟು

ನಮ್ಮೂರಲ್ಲಿ ದರ್ಪ ಮಾಡುವವನಿಗೆ ‘ದೊಡ್ಡ ಲಾಟ್ ಸಾಹೇಬ’ ಅನ್ನುತ್ತಾರೆ. ಅದೂ ಲಾರ್ಡೇ. ಗವರ್ನರ್, ವೈಸರಾಯ್‌ಗಳನ್ನು ಜನ ಕರೆದ ರೀತಿ ಹಿಂದಿ ಕಡೆಯಿಂದ ಇಲ್ಲಿಗೂ ಬಂತು.

ಬಯಲುಸೀಮೆ

ಇಷ್ಟು ಓದಿದ ಮೇಲೆ ಒಂದು ಕೇಳುತ್ತೇನೆ. ಹಾಗಾದರೆ ಲಾರ್ಡ್ ಪದದ ನಿಜವಾದ ಅರ್ಥ ಯಾವುದು?

ಪದಗಳ ಹಿಂದೆ

ಇವತ್ತು ಜನ ಯಾವ ಅರ್ಥದಲ್ಲಿ ಆಡುತ್ತಾರೋ ಅದೇ ಇವತ್ತಿನ ಅರ್ಥ. ಮೂಲ ಬೇರೆ, ಅರ್ಥ ಬೇರೆ. ಮಾಲ್ಡನ್ ಯುದ್ಧದ ಹೊತ್ತಿಗೇ ‘ಹ್ಲಾವೋರ್ಡ್’ ಅಂದವರ ಕಿವಿಗೆ ಬ್ರೆಡ್ಡು ಕೇಳಿಸುತ್ತಿರಲಿಲ್ಲ ಅನ್ನಿಸುತ್ತದೆ. ‘ಒಡವೆ’ ಅನ್ನುವಾಗ ನಮಗೆ ‘ಒಡೆಯ’ ಕೇಳಿಸುತ್ತದೆಯೇ? ಆದ್ದರಿಂದ ‘ಲಾರ್ಡ್ ಅಂದರೆ ಅನ್ನ ಹಾಕಬೇಕಾದವನು’ ಅಂತ ಪದಮೂಲದಿಂದ ನ್ಯಾಯ ಹೇಳಲು ಬರುವುದಿಲ್ಲ. ಮೂಲ ಹೇಳುವುದು ಒಂದೇ. ಆ ಪದ ಕಟ್ಟಿದ ದಿನ, ಕಟ್ಟಿದವರ ಮನೆಯಲ್ಲಿ ಯಾವುದರ ಮೇಲೆ ಕಣ್ಣಿತ್ತು ಅನ್ನುವುದು. ಅವರ ಕಣ್ಣು ಇದ್ದದ್ದು ಬ್ರೆಡ್ಡಿನ ಮೇಲೆ.

ಬೇಕರಿ ಮನೆ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ದಿನದಿಂದ ಈ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೇನೆ. ಕುವರಲಕ್ಷ್ಮನ ಕಂಬ ಅವರಿಗೆ ಗೊತ್ತಿತ್ತು, ಶಾಲೆಯಿಂದ ಟ್ರಿಪ್ ಹೋಗಿದ್ದರಂತೆ. ಕಡಲತೀರದವರ ಅಜ್ಜಿಯ ವಿಷಯ ಎರಡು ಸಲ ಓದಿಸಿದರು.

ನಿನ್ನೆ ರಾತ್ರಿ ಕೇಳಿದರು: ‘ಒಲೆ ಕಾದ ನಿಮ್ಮಪ್ಪ ಲಾರ್ಡು, ನಾದಿದ ನಾನು ಲೇಡಿ. ಸರಿ. ಮೂಟೆ ಹೊತ್ತು ತರ್ತಿದ್ದ ಹುಡುಗನಿಗೆ ಏನಂತಾರೆ?’ ನಮ್ಮಲ್ಲಿ ಒಬ್ಬ ಹುಡುಗ ಕೆಲಸಕ್ಕಿದ್ದ. ಹನ್ನೊಂದು ವರ್ಷ ನಮ್ಮ ಮನೆಯಲ್ಲೇ ಉಂಡು, ಹಿಟ್ಟಿನ ಮೂಟೆಗಳ ಮೇಲೇ ಮಲಗುತ್ತಿದ್ದ.

ನಾನು ಎಥೆಲ್‌ಬರ್ಟನ ಕಾನೂನಿನ ಸಾಲನ್ನು ಓದಿ ಹೇಳಿದೆ. ಬ್ರೆಡ್ಡು ತಿನ್ನುವವನು, 6 ಷಿಲಿಂಗ್.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅವನ ಫೋನ್ ನಂಬರ್ ಇದೆಯಾ?’ ಅಂದರು. ನನ್ನ ಹತ್ತಿರ ಇರಲಿಲ್ಲ. ಬೆಳಿಗ್ಗೆ ಅಪ್ಪನ ಹಳೆಯ ಡೈರಿಯಲ್ಲಿ ಹುಡುಕಿದ್ದೇವೆ, ಅವನ ಊರಿನ ಹೆಸರು ಸಿಕ್ಕಿದೆ. ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ಇಬ್ಬರೂ ಹೋಗಿ ಬರುತ್ತೇವೆ.